ನೆರೆಯವನ ಹೊಲಕ್ಕೆ ನಮ್ಮ ರುಜು



ಒಬ್ಬನು ತಾನು ಬೆಳೆದದ್ದನ್ನು ಮಾರುವಾಗ ಸುಳ್ಳು ಹೇಳುವದು ತಪ್ಪೆಂದು ನಮ್ಮಲ್ಲಿ ಎಲ್ಲರೂ ಬಲ್ಲರು. ಸೇರಿನಲ್ಲಿ ಕಡಿಮೆ ಅಳೆಯುವದು, ತೊಗರಿಯಲ್ಲಿ ಕಲ್ಲು ಬೆರಸುವದು, ಹುಳ ಹಿಡಿದ ಜೋಳವನ್ನು ಚೀಲದ ತಳದಲ್ಲಿಟ್ಟು ಒಳ್ಳೇದನ್ನು ಮೇಲೆ ತೋರಿಸುವದು, ಇವು ಕೂಡದೆಂದು ನಾವು ಚಿಕ್ಕ ಮಕ್ಕಳಿಗೂ ಕಲಿಸುತ್ತೇವೆ. ಆದರೆ ನೆರೆಯವನ ಹೊಲದ ವಿಷಯವಾಗಿ ನಾವು ಆಡುವ ಮಾತು, ಅಥವಾ ಆಡದೆ ನುಂಗಿಬಿಡುವ ಮಾತು, ಯಾವ ಲೆಕ್ಕಕ್ಕೆ ಸೇರುವದು? ಅವನ ಮೇಲಣ ಕನಿಕರದಿಂದ ಸುಮ್ಮನಿದ್ದರೆ ಅದು ಪ್ರೀತಿಯೋ, ಇಲ್ಲವೆ ಸುಳ್ಳೋ? ಈ ತಿಂಗಳು ಇದನ್ನು ಕುರಿತು ವಿಚಾರಿಸೋಣ.

ಈ ಪ್ರಶ್ನೆಯು ನಮಗೆ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರುಷಗಳ ಕೆಳಗೆ ಕರಿಮಣ್ಣಿನ ಸೀಮೆಯ ಒಂದು ಹಳ್ಳಿಯಲ್ಲಿ ನಾವು ಇದ್ದಾಗ, ಒಂದು ಸಾಯಂಕಾಲ ಒಕ್ಕಲುತನ ಮಾಡುವ ಒಬ್ಬ ಸಹೋದರನು ಬಂದು ನಮ್ಮ ಕಟ್ಟೆಯ ಮೇಲೆ ಕೂತನು. ಬಹಳ ಹೊತ್ತು ಮಳೆ ಬೆಳೆಗಳ ಮಾತೇ ನಡೆಯಿತು. ಕಡೆಗೆ ಅವನು ಹೀಗೆ ಹೇಳಿದನು: "ಉಪದೇಶಿಗಳೇ, ನಾಳೆ ನಾವು ಐವರೂ ಒಬ್ಬರ ಹೊಲವನ್ನು ಒಬ್ಬರು ನೋಡಿ ರುಜು ಹಾಕಬೇಕು. ನನ್ನ ಬದುವಿನ ಆಚೆಯವನು ತೊಗರಿಗೆ ಔಷಧಿ ಹೊಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕತ್ತಲಾಗುವ ಹೊತ್ತಿನಲ್ಲಿ, ಯಾರೂ ಇಲ್ಲವೆಂದು ತಿಳಿದು, ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆದನು. ಅವನ ಹೆಂಡತಿಯ ಆಸ್ಪತ್ರೆಯ ಸಾಲ ಇನ್ನೂ ತೀರಿಲ್ಲ. ನಾನು ಹೇಳಿದರೆ ಅವನ ಕಾಳು ಮೇಳಕ್ಕೆ ಹೋಗದು. ಹೇಳದೆ ಹೋದರೆ ನನ್ನ ಹೆಸರು ಆ ಕಾಗದದ ಮೇಲೆ ಇರುವದು. ಏನು ಮಾಡಲಿ?"

ನಾವು ಒಡನೆ ಉತ್ತರ ಕೊಡಲಾರದೆ ಹೋದೆವು. ನ್ಯಾಯ ಹೇಳುವದು ಸುಲಭ. ಆದರೆ ನ್ಯಾಯದ ಹೊರೆ ಯಾರ ತಲೆಯ ಮೇಲೆ ಬೀಳುವದೆಂದು ನೋಡಿದರೆ ನಾಲಿಗೆ ತಡೆಯುತ್ತದೆ.

ಈ ರುಜುವಿನ ಸಂಗತಿಯನ್ನು ಅರಿಯದ ವಾಚಕರಿಗೋಸ್ಕರ ಸ್ವಲ್ಪ ವಿವರಿಸುವದು ಅವಶ್ಯ. ರಾಸಾಯನಿಕ ಗೊಬ್ಬರವನ್ನೂ ಕೀಟನಾಶಕವನ್ನೂ ಬಿಟ್ಟು, ಕೊಟ್ಟಿಗೆಯ ಗೊಬ್ಬರ, ಎರೆಹುಳದ ಗೊಬ್ಬರ, ಹಸಿರೆಲೆಗಳು, ಬೇವಿನ ಕಷಾಯ ಮುಂತಾದವುಗಳಿಂದ ಮಾಡುವ ಬೇಸಾಯಕ್ಕೆ ಸಾವಯವ ಕೃಷಿಯೆಂದು ಹೆಸರು. ಹೆಸರು ಹೊಸದಾದರೂ ಕೆಲಸ ಹೊಸದಲ್ಲ. ಆಲ್ಬರ್ಟ್ ಹೋವರ್ಡ್ ಎಂಬ ಆಂಗ್ಲೇಯ ವಿದ್ವಾಂಸನು 1905ರಲ್ಲಿ ಬಿಹಾರದ ಪೂಸಾ ಎಂಬ ಸ್ಥಳದ ಕೃಷಿ ಸಂಶೋಧನಾಲಯಕ್ಕೆ ಬಂದು, ಈ ದೇಶದ ರೈತರಿಗೆ ಕಲಿಸುವದಕ್ಕಿಂತ ಅವರಿಂದ ತಾನು ಕಲಿಯತಕ್ಕದ್ದೇ ಹೆಚ್ಚೆಂದು ಕಂಡುಕೊಂಡನು. 1924ರಿಂದ 1931ರ ವರೆಗೆ ಇಂದೂರಿನಲ್ಲಿದ್ದು ಕಸಕಡ್ಡಿ, ಸಗಣಿ, ಬೂದಿ ಮತ್ತು ಮಣ್ಣನ್ನು ಪದರು ಪದರಾಗಿ ಹಾಕಿ ಕೊಳೆಯಿಸಿ ಗೊಬ್ಬರ ಮಾಡುವ ಕ್ರಮವನ್ನು ಅವನು ವ್ಯವಸ್ಥೆಗೊಳಿಸಿದನು. ಇಂದಿಗೂ ಅದಕ್ಕೆ ಇಂದೂರಿನ ಪದ್ಧತಿಯೆಂದೇ ಹೆಸರು. ನಮ್ಮ ಅಜ್ಜಂದಿರ ತಿಪ್ಪೆಯೇ ಹೀಗೆ ಶಾಸ್ತ್ರವಾಗಿ ಲೋಕವನ್ನು ಸುತ್ತಿ ಬಂತು.

ಕರ್ನಾಟಕ ಸರಕಾರವು 2004ರಲ್ಲಿ ಸಾವಯವ ಕೃಷಿಗಾಗಿ ಒಂದು ನೀತಿಯನ್ನು ಪ್ರಕಟಿಸಿತು. 2017ರಲ್ಲಿ ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಸಾವಯವ ಪದಾರ್ಥಗಳ ಮತ್ತು ಸಿರಿಧಾನ್ಯಗಳ ದೊಡ್ಡ ಮೇಳವು ನಡೆಯಿತು. ಮರುವರುಷ ಅದು ಅಂತರರಾಷ್ಟ್ರೀಯ ಮೇಳವಾಯಿತು. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು ಇವುಗಳನ್ನು ಬೆಳೆಯುವವರಿಗೆ ಹೆಕ್ಟೇರಿಗೆ 10,000 ರೂಪಾಯಿ ಸಹಾಯ ಕೊಡುವ ರೈತಸಿರಿ ಎಂಬ ಯೋಜನೆಯು 2019-20ರಲ್ಲಿ ಆರಂಭವಾಯಿತು. ವಿಶ್ವಸಂಸ್ಥೆಯು 2023ನೇ ವರುಷವನ್ನೇ ಈ ಕಿರುಧಾನ್ಯಗಳ ವರುಷವೆಂದು ಸಾರಿತು. ಬಡವರ ಕೂಳೆಂದು ಹಳಿಯಲ್ಪಟ್ಟ ಧಾನ್ಯಕ್ಕೆ ಹೀಗೆ ಮಾನ ಬಂತು. ದೊಡ್ಡ ಪಟ್ಟಣದಲ್ಲಿ ಮಾತ್ರವಲ್ಲ, ಜಿಲ್ಲೆಯ ಮತ್ತು ತಾಲೂಕಿನ ಊರುಗಳಲ್ಲಿಯೂ ಬೀಜಮೇಳ, ಹಲಸಿನ ಮೇಳ, ಗೆಡ್ಡೆಗೆಣಸಿನ ಮೇಳ, ವಾರದ ಸಾವಯವ ಸಂತೆ ಎಂದು ಬೆಳೆಯುವವನೂ ಉಣ್ಣುವವನೂ ಮುಖಾಮುಖಿಯಾಗಿ ಕೂಡುವ ಸ್ಥಳಗಳು ಆಗಿವೆ. ದಲಾಲಿಯ ಕೈಗೆ ಹೋಗದೆ ತನ್ನ ಬೆಲೆಯನ್ನು ತಾನೇ ಹೇಳುವ ಸಂದರ್ಭವು ರೈತನಿಗೆ ಸಿಗುವದು ಸಣ್ಣ ಮಾತಲ್ಲ.

ಆದರೆ ಕೊಳ್ಳುವವನು ಹೇಗೆ ನಂಬಬೇಕು? ಅದಕ್ಕೆ ಎರಡು ದಾರಿಗಳು ಉಂಟು. ಒಂದನೆಯದು, ಹೊರಗಿನ ಸಂಸ್ಥೆಯವರು ಬಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವದು. ಇದು ಕೇಂದ್ರ ಸರಕಾರದ ವ್ಯವಸ್ಥೆಯಾಗಿ 2001ರಿಂದ ನಡೆಯುತ್ತಾ ಇದೆ. ಪರದೇಶಕ್ಕೆ ಕಳುಹಿಸುವ ಮಾಲಿಗೆ ಇದು ಬೇಕು. ಒಂಟಿಯಾದ ಸಣ್ಣ ರೈತನಿಗೆ ಇದರ ವೆಚ್ಚವು ಭಾರ. ಎರಡನೆಯದು, 2011ರಲ್ಲಿ ಕೇಂದ್ರ ಕೃಷಿ ಇಲಾಖೆಯವರು ಆರಂಭಿಸಿದ ಸಹಭಾಗಿತ್ವದ ಖಾತರಿ ಪದ್ಧತಿ. ಒಂದೇ ಊರಿನ ಅಥವಾ ನೆರೆಯೂರಿನ ಐವರಿಗಿಂತ ಕಡಿಮೆಯಾಗದ ರೈತರು ಗುಂಪಾಗಿ ಕೂಡಿ, ಪ್ರತಿಜ್ಞೆ ಮಾಡಿ, ಒಬ್ಬರ ಹೊಲವನ್ನು ಒಬ್ಬರು ಸಂದರ್ಶಿಸಿ, ಕಂಡದ್ದನ್ನು ಬರೆದು, ರುಜು ಹಾಕಬೇಕು. ಗುಂಪಿನ ತೀರ್ಮಾನವನ್ನು ಮೇಲಿನ ಪರಿಷತ್ತು ನೋಡಿ ಒಪ್ಪಿದರೆ ಪ್ರಮಾಣಪತ್ರ ಸಿಗುವದು. ರಾಸಾಯನಿಕವನ್ನು ಬಿಟ್ಟ ಕೂಡಲೇ ಹೊಲವು ಸಾವಯವವಾಗದು. ವರುಷದ ಬೆಳೆಗೆ ಎರಡು ವರುಷ, ಮರದ ಬೆಳೆಗೆ ಮೂರು ವರುಷ ಪರಿವರ್ತನೆಯ ಕಾಲವೆಂದು ನೇಮಿಸಲ್ಪಟ್ಟಿದೆ.

ಈ ಎರಡನೆಯ ಪದ್ಧತಿಯ ಅಸ್ತಿವಾರ ಏನೆಂದು ನೋಡಿರಿ. ಊರಿನಲ್ಲಿ ಬಚ್ಚಿಡತಕ್ಕದ್ದು ಏನೂ ಇಲ್ಲ. ಯಾರ ಮನೆಯಲ್ಲಿ ಎಷ್ಟು ಚೀಲ ಯೂರಿಯಾ ಇಳಿಯಿತು, ಯಾರ ಹೊಲದಿಂದ ಗಾಳಿಗೆ ವಾಸನೆ ಬಂತು, ಎಲ್ಲವೂ ನೆರೆಯವನಿಗೆ ಗೊತ್ತು. ದೂರದ ಪರೀಕ್ಷಕನು ವರುಷಕ್ಕೆ ಒಂದು ದಿವಸ ನೋಡುವನು. ನೆರೆಯವನು ವರುಷವೆಲ್ಲಾ ನೋಡುವನು. ಆದಕಾರಣ ಅವನ ಸಾಕ್ಷಿಯೇ ಎಲ್ಲಕ್ಕಿಂತ ಬಲವಾದದ್ದು. ಆದರೆ ಅದೇ ಕಾರಣದಿಂದ ಅದು ಎಲ್ಲಕ್ಕಿಂತ ಕಷ್ಟವಾದದ್ದೂ ಆಗಿದೆ. ಪರೀಕ್ಷಕನು ಬರೆದು ಹೊರಟುಹೋಗುವನು. ನೆರೆಯವನು ಮರುದಿವಸ ಅದೇ ಬಾವಿಯಲ್ಲಿ ನೀರು ಸೇದಬೇಕು, ಅದೇ ಮದುವೆಯ ಪಂಕ್ತಿಯಲ್ಲಿ ಉಣ್ಣಬೇಕು, ಅದೇ ದೇವಾಲಯದಲ್ಲಿ ಪಕ್ಕದಲ್ಲಿ ಕೂಡ್ರಬೇಕು.

ಈಗ ಆ ಸಹೋದರನ ಪ್ರಶ್ನೆಗೆ ಬರೋಣ. ಸುಮ್ಮನೆ ರುಜು ಹಾಕಿಬಿಡುವದಕ್ಕೆ ಮನಸ್ಸು ಹೇಳುವ ನೆವಗಳು ಮೂರು. ಅವುಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲನೆಯ ನೆವ: ಅವನು ಕಷ್ಟದಲ್ಲಿದ್ದನು, ಹುಳ ಬಿದ್ದ ತೊಗರಿಯನ್ನು ನೋಡುತ್ತಾ ಕೂತಿದ್ದರೆ ಸಾಲಗಾರರು ಬಿಡುತ್ತಿದ್ದರೋ? ಈ ಮಾತಿನಲ್ಲಿ ಸತ್ಯ ಉಂಟು. ಕಾಯಿಕೊರಕದ ಹುಳವು ಹೂವಿನ ಕಾಲದಲ್ಲಿ ಬಂದರೆ ಹೂವನ್ನೂ ಎಳೆಯ ಕಾಯನ್ನೂ ತಿಂದು ಕೆಲವೇ ದಿವಸಗಳಲ್ಲಿ ವರುಷದ ದುಡಿಮೆಯನ್ನು ಬರಿದು ಮಾಡಬಲ್ಲದು. ಅದನ್ನು ಉಳಿಸಿಕೊಳ್ಳುವದಕ್ಕೆ ಒಬ್ಬನು ಔಷಧಿ ಹೊಡೆದರೆ ಅವನನ್ನು ಕಳ್ಳನೆಂದಾಗಲಿ ಕೊಲೆಗಾರನೆಂದಾಗಲಿ ಕರೆಯುವ ಹಕ್ಕು ನಮಗಿಲ್ಲ. ಅಂಗೀಕೃತವಾದ ಕೀಟನಾಶಕವನ್ನು ಹೇಳಿದ ಪ್ರಕಾರ ಉಪಯೋಗಿಸುವದು ಕಾನೂನಿಗೆ ವಿರೋಧವಲ್ಲ. ದೇಶದ ಹೆಚ್ಚಿನ ರೈತರು ಹಾಗೆಯೇ ಬೆಳೆಯುತ್ತಾರೆ, ನಾವೂ ಅದನ್ನೇ ಉಣ್ಣುತ್ತೇವೆ. ಹಾಗಾದರೆ ತಪ್ಪು ಎಲ್ಲಿದೆ? ಹೊಡೆದದ್ದರಲ್ಲಿ ಅಲ್ಲ, ಹೊಡೆದ ಮೇಲೆ ಹೊಡೆಯಲಿಲ್ಲವೆಂಬ ಹೆಸರಿನಿಂದ ಮಾರುವದರಲ್ಲಿದೆ. ಕಷ್ಟವು ಕೆಲಸಕ್ಕೆ ಕ್ಷಮೆಯನ್ನು ತರಬಹುದು, ಹೆಸರಿಗೆ ತರಲಾರದು. ಯಾಕಂದರೆ ಅದೇ ಕಾಳನ್ನು ಸಾಮಾನ್ಯವಾದ ತೊಗರಿಯೆಂದು ಪೇಟೆಯಲ್ಲಿ ಮಾರುವ ದಾರಿ ಅವನಿಗೆ ತೆರೆದೇ ಇತ್ತು. ಲಾಭ ಕಡಿಮೆ ಎಂಬದೊಂದೇ ಅಡ್ಡಿ.

ಎರಡನೆಯ ನೆವ: ಕೊಳ್ಳುವವರು ಪಟ್ಟಣದ ಹಣವಂತರು, ಒಂದು ಹೊಲದ ಒಂದು ಬೆಳೆಯಿಂದ ಅವರಿಗೆ ಏನು ಕೇಡು? ಈ ಮಾತನ್ನು ನಾವು ಅನೇಕರ ಬಾಯಿಂದ ಕೇಳಿದ್ದೇವೆ. ಆದರೆ ಮೇಳಕ್ಕೆ ಬರುವವರೆಲ್ಲರೂ ಹಣವಂತರೆಂದು ಹೇಳಿದವರು ಯಾರು? ಮಗುವಿಗೆ ಕಾಯಿಲೆಯೆಂದು, ಬೇರೆ ಖರ್ಚನ್ನು ಕಡಿಮೆ ಮಾಡಿ ಎರಡು ಸೇರು ಬೇಳೆ ಕೊಳ್ಳುವ ತಾಯಿಯೂ ಬರುತ್ತಾಳೆ. ಅವಳು ಕಾಳನ್ನು ಕೈಯಲ್ಲಿ ಹಿಡಿದು ನೋಡುವಳು, ಮೂಸುವಳು, ಹಲ್ಲಿನಲ್ಲಿ ಕಡಿಯುವಳು. ಅಷ್ಟರಿಂದ ಅವಳಿಗೆ ಏನು ತಿಳಿಯುವದು? ಹಾಲಿಗೆ ನೀರು ಬೆರಸಿದರೆ ನಾಲಿಗೆ ಹೇಳುವದು. ಅಕ್ಕಿಯಲ್ಲಿ ಕಲ್ಲಿದ್ದರೆ ಹಲ್ಲು ಹೇಳುವದು. ಹೊಲದಲ್ಲಿ ಏನು ಹೊಡೆದರೆಂಬದನ್ನು ಕಣ್ಣೂ ಮೂಗೂ ನಾಲಿಗೆಯೂ ಹೇಳಲಾರವು. ಆದಕಾರಣ ಅವಳು ಹೆಚ್ಚಾಗಿ ಕೊಡುವ ಹಣವು ತೊಗರಿಯ ಬೆಲೆಯಲ್ಲ, ನಮ್ಮ ಮಾತಿನ ಬೆಲೆ. ಮಾತು ಸುಳ್ಳಾದರೆ ಅವಳು ಆ ಹಣಕ್ಕೆ ಏನನ್ನೂ ಪಡೆಯಲಿಲ್ಲ. ಇದು ಸೇರಿನಲ್ಲಿ ಕಡಿಮೆ ಅಳೆದದ್ದಕ್ಕಿಂತ ಹೇಗೆ ಬೇರೆ?

ಕೇಡು ಅವಳೊಬ್ಬಳಿಗೇ ನಿಲ್ಲುವದಿಲ್ಲ. ಇಂಥ ಮೋಸವು ಒಂದು ಸಾರಿ ಹೊರಬಿದ್ದರೆ ಜನರು ಇಂಥವನು ಸುಳ್ಳುಗಾರನೆಂದು ಹೇಳುವದಿಲ್ಲ. ಈ ಸಾವಯವ ಎಂಬದೆಲ್ಲಾ ಸುಳ್ಳು ಎಂದು ಹೇಳುವರು. ಮೂರು ವರುಷ ಕಷ್ಟಪಟ್ಟು, ಮೊದಲು ಬೆಳೆ ಕಡಿಮೆಯಾದರೂ ತಾಳಿಕೊಂಡು, ಕಳೆಯನ್ನು ಕೈಯಿಂದ ಕಿತ್ತ ವಿಧವೆಯ ನವಣೆಯೂ ಆ ಒಂದು ಮಾತಿನಿಂದ ಮಾರದೆ ಉಳಿಯುವದು. ಸುಳ್ಳು ರುಜುವಿನ ದಂಡವನ್ನು ತೆರುವವರು ಬಹಳ ಮಟ್ಟಿಗೆ ಸತ್ಯವಂತರೇ.

ಮೂರನೆಯ ನೆವ: ನೆರೆಯವನ ತಪ್ಪನ್ನು ಮುಚ್ಚುವದು ಪ್ರೀತಿಯ ಗುಣವಲ್ಲವೋ? ಇದು ಮೂರರಲ್ಲಿ ಬಲವಾದದ್ದು. ಒಳ್ಳೆಯ ಮನಸ್ಸಿನಿಂದ ಹುಟ್ಟಿದ್ದಾದ್ದರಿಂದ ಇದನ್ನು ಮೆಲ್ಲಗೆ ಪರೀಕ್ಷಿಸಬೇಕು. ಒಬ್ಬನ ತಪ್ಪನ್ನು ಊರಲ್ಲಿ ಹರಡದೆ ಇರುವದು ಪ್ರೀತಿಯೇ. ಚಹದ ಅಂಗಡಿಯಲ್ಲಿ ಕೂತು ಅವನ ಹೆಸರನ್ನು ಎಳೆದಾಡದೆ ಇರುವದು ಪ್ರೀತಿಯೇ. ಆದರೆ ರುಜು ಹಾಕುವದು ಸುಮ್ಮನಿರುವದಲ್ಲ, ಅದು ಮಾತಾಡುವದೇ. ನಾನು ನೋಡಿದ್ದೇನೆ, ಸರಿಯಾಗಿದೆ ಎಂದು ಅದು ಹೇಳುತ್ತದೆ. ಬೇರೆ ಕಡೆ ಮೌನವಾಗಿರುವದಕ್ಕೆ ನಮಗೆ ಸ್ವಾತಂತ್ರ್ಯ ಉಂಟು. ಸಾಕ್ಷಿಯ ಸ್ಥಳದಲ್ಲಿ ನಿಂತ ಮೇಲೆ ಆ ಸ್ವಾತಂತ್ರ್ಯ ಇಲ್ಲ. ಮತ್ತು ಅಲ್ಲಿ ಮುಚ್ಚುವವನು ನೆರೆಯವನನ್ನು ರಕ್ಷಿಸುವದೂ ಇಲ್ಲ. ಈ ವರುಷ ಕತ್ತಲಲ್ಲಿ ಹೊಡೆದವನು ಬರುವ ವರುಷವೂ ಕತ್ತಲಿಗೆ ಕಾಯುವನು. ಹೀಗೆ ಭಯದಲ್ಲಿ ಬದುಕುವದಕ್ಕೆ ನಾವು ಅವನಿಗೆ ಸಹಾಯ ಮಾಡಿದ ಹಾಗಾಗುವದು.

ಇಷ್ಟನ್ನು ನಾವು ಆ ಸಹೋದರನಿಗೆ ಹೇಳಿ, "ರುಜು ಹಾಕಬೇಡ, ಆದರೆ ನಾಳೆ ನಾಲ್ವರ ಮುಂದೆ ಅವನನ್ನು ನಾಚಿಸಲೂ ಬೇಡ, ಈ ರಾತ್ರಿಯೇ ಅವನ ಮನೆಗೆ ಒಬ್ಬನೇ ಹೋಗು" ಎಂದೆವು. ನಮ್ಮ ಉತ್ತರವು ಸಂಪೂರ್ಣವಾಯಿತೆಂದು ಆಗ ನಾವು ಎಣಿಸಿದೆವು. ಅದು ಅರ್ಧವೇ ಆಗಿತ್ತೆಂಬದು ಮರುದಿವಸ ತಿಳಿಯಿತು.

ಅವನು ಹೋದನು. "ತಮ್ಮಾ, ನಾನು ಕಂಡಿದ್ದೇನೆ. ನಾಳೆ ನಾನು ರುಜು ಹಾಕಲಾರೆ. ನಾನು ಹೇಳುವದಕ್ಕಿಂತ ನೀನೇ ಹೇಳಿದರೆ ಒಳ್ಳೆಯದು" ಅಂದನು. ಆಗ ಆ ನೆರೆಯವನು ಬಹಳ ಸಿಟ್ಟುಗೊಂಡು ಕೇಳಿದ್ದೇನಂದರೆ: "ಅಣ್ಣಾ, ನಾನು ಔಷಧಿ ಹೊಡೆದದ್ದನ್ನು ಕಂಡೆ ಸರಿ. ಅದಕ್ಕಿಂತ ಮೊದಲು ಎಂಟು ದಿವಸ ನನ್ನ ತೊಗರಿಯಲ್ಲಿ ಹುಳ ಆಡುವದನ್ನೂ ಕಂಡಿದ್ದೆಯಷ್ಟೆ? ಆಗ ಯಾಕೆ ಬರಲಿಲ್ಲ?" ಆ ಸಹೋದರನಿಗೆ ಉತ್ತರ ತಿಳಿಯಲಿಲ್ಲ. ಮರುದಿವಸ ಇದನ್ನು ನಮಗೆ ಹೇಳಿದಾಗ ನಮಗೂ ತಿಳಿಯಲಿಲ್ಲ.

ವಾಚಕರೇ, ಈ ಲೇಖನವನ್ನು ಬರೆಯುವದಕ್ಕೆ ಆ ಪ್ರಶ್ನೆಯೇ ಕಾರಣ. ಬದುವಿನ ಮೇಲೆ ನಿಂತು ತಪ್ಪನ್ನು ಕಾಣುವ ಕಣ್ಣು, ಅದೇ ಬದುವಿನ ಮೇಲೆ ನಿಂತು ಕಷ್ಟವನ್ನು ಯಾಕೆ ಕಾಣಲಿಲ್ಲ? ಸತ್ಯವನ್ನು ಹೇಳುವದು ನಮ್ಮ ಕರ್ತವ್ಯ. ಆದರೆ ಹೇಳುವವನಿಗೆ ಏನೂ ಖರ್ಚಾಗದೆ, ಕೇಳಿಸಿಕೊಳ್ಳುವವನಿಗೆ ಮಾತ್ರ ಎಲ್ಲಾ ಖರ್ಚು ಬೀಳುವ ಸತ್ಯವು ಕುಂಟುತ್ತದೆ. ನೆರೆಯವನ ಹೊಲಕ್ಕೆ ಸಾಕ್ಷಿ ಹೇಳುವ ಅಧಿಕಾರವು, ನೆರೆಯವನ ಹೊಲದಲ್ಲಿ ಬೆವರು ಸುರಿಸುವ ಬಾಧ್ಯತೆಯನ್ನು ಸಂಗಡ ತರುತ್ತದೆ.

ಇದು ಬರೀ ಮಾತಲ್ಲ, ಕಲಬುರಗಿಯ ಕಡೆಯ ರೈತರು ಬಲ್ಲ ಕೆಲಸ. ತೊಗರಿಗೆ ಕಾಯಿಕೊರಕ ಬಿದ್ದಾಗ ಸಾಲುಗಳ ನಡುವೆ ಬಟ್ಟೆಯನ್ನು ಅಥವಾ ತಾಡಪತ್ರಿಯನ್ನು ಹಾಸಿ, ಗಿಡವನ್ನು ಹಿಡಿದು ಅಲುಗಾಡಿಸಿದರೆ ದೊಡ್ಡ ಹುಳಗಳು ಉದುರುವವು. ಅವುಗಳನ್ನು ಕೂಡಿಸಿ ನಾಶ ಮಾಡಬೇಕು. ಹಕ್ಕಿಗಳು ಕೂಡ್ರುವಂತೆ ಹೊಲದಲ್ಲಿ ಅಲ್ಲಲ್ಲಿ ಕವಲುಗೋಲುಗಳನ್ನು ನೆಡಬೇಕು. ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆಗಳನ್ನು ಕಟ್ಟಿ ಹುಳದ ಕಾಲವನ್ನು ಮುಂಚಿತವಾಗಿ ತಿಳಿಯಬೇಕು. ಮೊಟ್ಟೆ ಮತ್ತು ಸಣ್ಣ ಹುಳದ ಹಂತದಲ್ಲಿಯೇ ಬೇವಿನ ಬೀಜದ ಕಷಾಯವನ್ನು ಸಿಂಪಡಿಸಬೇಕು. ಇವೆಲ್ಲಾ ಒಳ್ಳೇವು; ಆದರೆ ಇವೆಲ್ಲಾ ಕೈಗಳನ್ನು ಬೇಡುತ್ತವೆ. ಔಷಧಿಯ ಪಂಪನ್ನು ಒಬ್ಬನೇ ಹೊರಬಹುದು. ತಾಡಪತ್ರಿಯನ್ನು ಒಬ್ಬನೇ ಹಿಡಿಯಲಾಗದು. ಹೆಂಡತಿ ಹಾಸಿಗೆ ಹಿಡಿದಿರುವ ಮನೆಯಲ್ಲಿ ಗಿಡ ಅಲುಗಾಡಿಸುವವರು ಯಾರು? ಹೀಗೆ ನೋಡಿದರೆ ಅವನು ಪಂಪನ್ನು ಹೊತ್ತದ್ದು ದುರಾಶೆಯಿಂದಲ್ಲ, ಒಂಟಿತನದಿಂದ.

ರಾಜ್ಯಗಳ ಮತ್ತು ದೇಶಗಳ ಚರಿತ್ರೆಯೂ ಇದನ್ನೇ ಕಲಿಸುತ್ತದೆ. ಸಿಕ್ಕಿಂ ರಾಜ್ಯವು 2003ರಲ್ಲಿ ಸಾವಯವಕ್ಕೆ ತಿರುಗುವ ಸಂಕಲ್ಪ ಮಾಡಿ, ವರುಷ ವರುಷವೂ ರಾಸಾಯನಿಕವನ್ನು ಕಡಿಮೆ ಮಾಡುತ್ತಾ, ರೈತರಿಗೆ ಕಲಿಸುತ್ತಾ ಬಂದು, 2016ರಲ್ಲಿ ಪೂರ್ಣ ಸಾವಯವ ರಾಜ್ಯವೆಂದು ಸಾರಲ್ಪಟ್ಟಿತು. ಶ್ರೀಲಂಕೆಯಲ್ಲಾದರೋ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿದರು. ಗೊಬ್ಬರದ ಬದಲು ಕೊಡತಕ್ಕದ್ದು ಸಿದ್ಧವಾಗಿರಲಿಲ್ಲ. ಭತ್ತವೂ ಚಹವೂ ಕುಗ್ಗಿದವು. ರೈತರು ಬೀದಿಗೆ ಬಂದರು. ಅದೇ ವರುಷದ ನವೆಂಬರಿನೊಳಗೆ ಆ ಅಪ್ಪಣೆಯನ್ನು ಹಿಂತೆಗೆಯಬೇಕಾಯಿತು. ಇದರಿಂದ ಏನು ತಿಳಿಯಬೇಕು? ಬಿಟ್ಟುಬಿಡು ಎಂದು ಆಜ್ಞಾಪಿಸುವವನು, ಬಿಟ್ಟವನ ಕೈಗೆ ಮತ್ತೇನನ್ನಾದರೂ ಕೊಡಬೇಕು. ಇಲ್ಲವಾದರೆ ಆಜ್ಞೆಯು ಹಸಿವನ್ನೂ ಕಪಟವನ್ನೂ ಹುಟ್ಟಿಸುವದು.

ಆ ಐವರ ಕಥೆಯು ಹೇಗೆ ಮುಗಿಯಿತೆಂದು ವಾಚಕರು ಕೇಳಬಹುದು. ಮರುದಿವಸ ನೆರೆಯವನು ತಾನೇ ಬಾಯಿ ತೆರೆದು ಗುಂಪಿನ ಮುಂದೆ ಹೇಳಿದನು. ಅವನ ಹೊಲವು ಮತ್ತೆ ಪರಿವರ್ತನೆಯ ಕಾಲಕ್ಕೆ ಸೇರಿತು. ಅವನ ತೊಗರಿಯು ಪೇಟೆಯಲ್ಲಿ ಎಲ್ಲರ ತೊಗರಿಯ ಧಾರಣೆಗೆ ಹೋಯಿತು. ಮೇಳಕ್ಕೆ ಹೋದ ನಾಲ್ವರಲ್ಲಿ ಮೂವರು ತಮಗೆ ಸಿಕ್ಕಿದ ಹೆಚ್ಚಳದಲ್ಲಿ ಸ್ವಲ್ಪವನ್ನು ಕೂಡಿಸಿ ಅವನ ಸಾಲದ ಬಡ್ಡಿಗೆ ಕೊಟ್ಟರು, ಒಬ್ಬನು ಕೊಡಲಿಲ್ಲ. ಕೆಲವು ತಿಂಗಳು ಆ ಇಬ್ಬರು ನೆರೆಯವರು ಬದುವಿನ ಮೇಲೆ ಎದುರಾದರೂ ಮಾತಾಡಲಿಲ್ಲ. ಆದರೆ ಮುಂದಿನ ವರುಷ ತೊಗರಿ ಹೂವಿಗೆ ಬಂದಾಗ, ಕರೆಯದೆ ಇದ್ದರೂ, ಮೊದಲನೆಯವನು ತನ್ನ ಮಗನ ಸಂಗಡ ತಾಡಪತ್ರಿಯನ್ನು ಹೊತ್ತುಕೊಂಡು ಆಚೆಯ ಹೊಲಕ್ಕೆ ಇಳಿದನು. ಹಣ ಕೊಡದವನೂ ಮಧ್ಯಾಹ್ನದ ಹೊತ್ತಿಗೆ ಬಂದನು. ಉದುರಿದ ಹುಳಗಳನ್ನು ಕೋಳಿಗಳಿಗೆ ಹಾಕಿದರು. ಆ ವರುಷ ಅವನು ಪಂಪನ್ನು ಮುಟ್ಟಲಿಲ್ಲ.

ಇದೇ ಸಂಬಂಧದಲ್ಲಿ ಮೇಳಗಳಲ್ಲಿ ಕಾಣುವ ಇನ್ನೆರಡು ಸಂಗತಿಗಳನ್ನು ಹೇಳದೆ ಇರಲಾರೆವು.

ಒಂದು, ಅತಿಯಾದ ಮಾತು. ರಾಗಿಯು ಒಳ್ಳೆಯ ಆಹಾರ; ನೂರು ಗ್ರಾಮ್ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚು ಸುಣ್ಣದ ಅಂಶ ಉಂಟು; ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು ಹತ್ತು ಮಾತ್ರ. ಸಿರಿಧಾನ್ಯಗಳಲ್ಲಿ ನಾರಿನ ಅಂಶವೂ ಹೆಚ್ಚು. ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಆದರೆ ಈ ಧಾನ್ಯವು ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುವದು, ಆ ಧಾನ್ಯವು ಅರ್ಬುದ ರೋಗವನ್ನು ವಾಸಿ ಮಾಡುವದು ಎಂದು ಮಳಿಗೆಯ ಮುಂದೆ ಬರೆದು ತೂಗಹಾಕುವದು ಸರಿಯಲ್ಲ. ಅದನ್ನು ನಂಬಿ ವೈದ್ಯರ ಗುಳಿಗೆಯನ್ನು ನಿಲ್ಲಿಸಿದವನ ರೋಗ ಬೆಳೆದರೆ ಆ ಬರಹವು ಉತ್ತರ ಕೊಡುವದೋ? ಹೊಲದ ವಿಷದಿಂದ ಜನರನ್ನು ಕಾಪಾಡುತ್ತೇವೆಂದು ಹೊರಟವರು ಮಾತಿನ ವಿಷವನ್ನು ಮಾರಬಾರದು. ನಮ್ಮ ಸೀಮೆಯಲ್ಲಿ ಕೀಟನಾಶಕಕ್ಕೆ ಔಷಧಿಯೆಂದೂ, ಈಗ ಆಹಾರಕ್ಕೂ ಔಷಧಿಯೆಂದೂ ಹೆಸರಾಗಿದೆ. ವಿಷವನ್ನು ವಿಷವೆಂದೂ ಅನ್ನವನ್ನು ಅನ್ನವೆಂದೂ ಕರೆಯಲು ಕಲಿತರೆ ಅರ್ಧ ಮೋಸ ತಾನೇ ಕಡಿಮೆಯಾಗುವದು.

ಇನ್ನೊಂದು, ಮನೆಯ ಮಡಕೆ. ಒಳ್ಳೆಯ ನವಣೆಯನ್ನೆಲ್ಲಾ ಮೇಳಕ್ಕೆ ಕಟ್ಟಿ, ಮನೆಯ ಮಕ್ಕಳಿಗೆ ಬಿಳಿ ಅನ್ನವನ್ನೇ ಮೂರು ಹೊತ್ತು ಬಡಿಸುವವರನ್ನು ನಾವು ನೋಡಿದ್ದೇವೆ. ಹಣ ಬೇಕು, ನಿಜ. ಆದರೆ ಬೆಳೆದವನ ಮಗುವಿಗೆ ಸಿಗದ ಅನ್ನವನ್ನು ಒಳ್ಳೆಯದೆಂದು ಬೇರೆಯವರಿಗೆ ಹೇಳುವ ಬಾಯಿಗೆ ಬಲವಿರದು. ಮೊದಲು ಬೀಜಕ್ಕೆ, ಆಮೇಲೆ ಮನೆಗೆ, ಉಳಿದದ್ದು ಮಾರಾಟಕ್ಕೆ ಎಂದು ಹಿರಿಯರು ಮಾಡುತ್ತಿದ್ದ ವಿಭಾಗವು ಜಿಪುಣತನವಲ್ಲ, ಬುದ್ಧಿ.

ಈಗ ನಮ್ಮ ಹಳ್ಳಿಗಳ ರೈತರು ಏನು ಮಾಡಬಹುದೆಂದು ಸಂಕ್ಷೇಪವಾಗಿ ಹೇಳುತ್ತೇವೆ. ಎಲ್ಲಾ ಹೊಲವನ್ನೂ ಒಮ್ಮೆಲೇ ತಿರುಗಿಸದೆ, ಮೊದಲು ಒಂದು ತುಂಡನ್ನು ಬೇರೆ ಮಾಡಿ ಆರಂಭಿಸಿರಿ. ಆ ತುಂಡಿನ ಕಾಳನ್ನು ಬೇರೆ ಚೀಲದಲ್ಲಿಯೇ ಕಟ್ಟಿರಿ. ಪಕ್ಕದ ಹೊಲದಿಂದ ಔಷಧಿಯು ಗಾಳಿಗೆ ಬಾರದ ಹಾಗೆ ಬದುವಿನ ಮೇಲೆ ಎತ್ತರದ ಗಿಡಗಳ ಸಾಲು ಇರಲಿ. ಐವರು ಕೂಡಿರಿ, ರಕ್ತಸಂಬಂಧಿಗಳು ಮಾತ್ರವೇ ಕೂಡಿದರೆ ಸಾಕ್ಷಿಯು ಸಡಿಲವಾಗುವದು, ಆದ್ದರಿಂದ ಬೇರೆ ಮನೆತನದವರನ್ನೂ ಸೇರಿಸಿಕೊಳ್ಳಿರಿ. ಏನು ಹಾಕಿದಿರಿ, ಎಂದು ಹಾಕಿದಿರಿ, ಎಷ್ಟು ಬಂತು ಎಂಬದನ್ನು ಓದು ಬಲ್ಲ ಮಗಳ ಕೈಯಿಂದ ಒಂದು ಪುಸ್ತಕದಲ್ಲಿ ಬರೆಯಿಸಿಡಿರಿ. ಬೀಜವನ್ನು ಉಳಿಸಿರಿ, 2001ರ ಕಾಯಿದೆಯ ಪ್ರಕಾರ ತನ್ನ ಬೀಜವನ್ನು ಉಳಿಸುವದಕ್ಕೂ, ಬಿತ್ತುವದಕ್ಕೂ, ನೆರೆಯವನೊಂದಿಗೆ ಬದಲಾಯಿಸುವದಕ್ಕೂ, ಮಾರುವದಕ್ಕೂ ರೈತನಿಗೆ ಹಕ್ಕುಂಟು, ಅದಕ್ಕೆ ವ್ಯಾಪಾರದ ಮುದ್ರೆಯನ್ನು ಹಾಕಿ ಮಾತ್ರ ಮಾರಕೂಡದು. ಸಣ್ಣ ರೈತನು ತನ್ನ ಕೈಯಿಂದ ಉಣ್ಣುವವನ ಕೈಗೆ ನೇರವಾಗಿ ಮಾರುವದಾದರೆ, ವರುಷದ ವ್ಯಾಪಾರವು 12 ಲಕ್ಷ ರೂಪಾಯಿ ಮೀರದಿದ್ದಲ್ಲಿ, 2017ರ ಸಾವಯವ ಆಹಾರದ ನಿಯಮಗಳಲ್ಲಿ ಅವನಿಗೆ ಪ್ರಮಾಣಪತ್ರದ ವಿನಾಯಿತಿಯೂ ಉಂಟು. ಆದರೆ ಪತ್ರವಿಲ್ಲದೆ ಮಾರುವವನಿಗೆ ಅವನ ಮಾತೊಂದೇ ಪತ್ರ. ಕಾನೂನು ಅವನನ್ನು ನಂಬಿ ಬಿಟ್ಟಿದೆಯೆಂಬದನ್ನು ಅವನು ಮರೆಯಬಾರದು.

ಮೇಳವು ದೂರದ್ದೇ ಆಗಬೇಕೆಂಬ ನೇಮವಿಲ್ಲ. ನಮ್ಮ ಸಭೆಗಳಲ್ಲಿ ವರುಷವರುಷವೂ ಸುಗ್ಗಿಯ ಹಬ್ಬ ನಡೆಯುವದಷ್ಟೆ. ಒಬ್ಬನು ಕುಂಬಳಕಾಯನ್ನು ತರುವನು, ಒಬ್ಬಳು ಕೋಳಿಯನ್ನು, ಮುದುಕಿಯೊಬ್ಬಳು ಸೆರಗಿನಲ್ಲಿ ಕಟ್ಟಿದ ಒಂದು ಸೇರು ಅಲಸಂದೆಯನ್ನು ತರುವಳು. ಆರಾಧನೆಯ ತರುವಾಯ ಅಂಗಳದಲ್ಲಿ ಲಿಲಾವಿನ ಕೂಗು ಎದ್ದು, ಎಲ್ಲರೂ ನಕ್ಕು, ಹೆಚ್ಚಿನ ಬೆಲೆಗೆ ಕೊಂಡು ಮನೆಗೆ ಒಯ್ಯುವರು. ಆ ಅಂಗಳದಲ್ಲಿ ಪ್ರಮಾಣಪತ್ರವನ್ನು ಕೇಳಿದವರುಂಟೋ? ಆ ಮುದುಕಿಯ ಹಿತ್ತಲನ್ನು ಎಲ್ಲರೂ ಬಲ್ಲರು. ಅದೇ ದಿವಸ ಅದೇ ಅಂಗಳದಲ್ಲಿ ಬೀಜಗಳನ್ನು ಬದಲಾಯಿಸಿಕೊಳ್ಳುವದಕ್ಕೆ ಒಂದು ಚಾಪೆಯನ್ನು ಹಾಸಿದರೆ, ಪಕ್ಕದೂರಿನ ಬೇರೆ ಮತದ ರೈತರನ್ನೂ ಕರೆದರೆ, ಅದೇ ನಮ್ಮ ಮೇಳ. ಬದುವಿಗೆ ಜಾತಿಯಿಲ್ಲ, ಕಾಯಿಕೊರಕಕ್ಕೂ ಇಲ್ಲ.

ಕಡೆಯದಾಗಿ ಒಂದು ಮಾತು. ರುಜು ಎಂಬದು ಸಣ್ಣ ಗೀಟು. ನಮ್ಮ ತಂದೆಗಳಲ್ಲಿ ಅನೇಕರು ಬರೆಯಲು ಬಾರದೆ ಹೆಬ್ಬೆಟ್ಟನ್ನು ಒತ್ತಿದರು. ಸಾಲಕೊಟ್ಟವರ ಕಾಗದದಲ್ಲಿ ಏನಿದೆಯೆಂದು ತಿಳಿಯದೆ ಒತ್ತಿ ಹೊಲಗಳನ್ನು ಕಳಕೊಂಡವರೂ ಉಂಟು. ಅವರ ಮಕ್ಕಳಾದ ನಾವು ಓದುಬರಹ ಕಲಿತು ಹೆಸರು ಬರೆಯುವವರಾದೆವು. ತಂದೆಗಳು ತಿಳಿಯದೆ ಒತ್ತಿ ತಾವು ಕೆಟ್ಟರು. ಮಕ್ಕಳು ತಿಳಿದೂ ಬರೆದು ಬೇರೆಯವರನ್ನು ಕೆಡಿಸಬಹುದೋ?

ಆದಕಾರಣ ಈ ಸಾರಿ ನೆರೆಯವನ ಹೊಲವನ್ನು ನೋಡಲು ಹೋಗುವವರು ಕಾಗದವನ್ನೂ ಲೇಖಣಿಯನ್ನೂ ತೆಗೆದುಕೊಂಡು ಹೋಗಲಿ. ಅದಕ್ಕಿಂತ ಒಂದು ತಿಂಗಳು ಮುಂಚೆ ತಾಡಪತ್ರಿಯನ್ನು ತೆಗೆದುಕೊಂಡು ಹೋಗಿರಲಿ.